ಹದಿನೆಂಟು ತುಂಬುವ ಮೊದಲೇ ಹಕ್ಕು ಕೈಗೆ ಬರಲಿ: 9 ಸೂತ್ರಗಳು

ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಬಾಲಮಂದಿರಗಳಲ್ಲಿ, ಸಾಕು ಕುಟುಂಬಗಳಲ್ಲಿ ಬೆಳೆಯುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮ ಗುರಿ ನರ್ಸಿಂಗ್ ಇರಲಿ, ಐಟಿಐ ಇರಲಿ, ಪೊಲೀಸ್ ಕೆಲಸ ಇರಲಿ, ಅದನ್ನು ಮುಟ್ಟಲು ಓದಿನ ಜೊತೆಗೆ ಕಾನೂನಿನ ತಿಳಿವಳಿಕೆಯೂ ಬೇಕು. 2015ರ ಬಾಲನ್ಯಾಯ ಕಾಯ್ದೆ ನಿಮ್ಮ ಬೆನ್ನಿಗಿದೆ. ಅದರಲ್ಲಿರುವುದನ್ನು ಕೇಳಿ ಪಡೆಯಿರಿ, ಬರವಣಿಗೆಯಲ್ಲೇ ಕೇಳಿ.

1. ನಿಮ್ಮ ಕೇಸ್ ಯಾರ ಕೈಯಲ್ಲಿದೆ ಎಂದು ತಿಳಿಯಿರಿ.
ನೀವು ಎಲ್ಲಿರಬೇಕು ಎಂದು ತೀರ್ಮಾನಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಅಧ್ಯಕ್ಷರು ಒಬ್ಬರು, ಸದಸ್ಯರು ನಾಲ್ವರು. ಆ ತೀರ್ಮಾನದ ಬೆನ್ನು ಹತ್ತಿ ಕೆಲಸ ಮಾಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕ. ಎರಡರ ವಿಳಾಸ, ಫೋನ್ ನಂಬರ್ ನೋಟ್‌ಬುಕ್‌ನಲ್ಲಿ ಬರೆದಿಡಿ. ಬಾಗಿಲು ಗೊತ್ತಿದ್ದವರಿಗೆ ಅಲೆದಾಟ ಕಡಿಮೆ.

2. ಸಮಿತಿಯ ಮುಂದೆ ನೀವೇ ಮಾತಾಡಿ.
ಮಗುವಿನ ಮಾತು ಕೇಳಲೇಬೇಕು ಎಂಬುದು ಕಾಯ್ದೆಯ 3ನೇ ಸೆಕ್ಷನ್‌ನಲ್ಲಿರುವ ತತ್ವ. ಹೋಗುವ ಮೊದಲು ಮೂರು ಪಾಯಿಂಟ್ ಬರೆದುಕೊಳ್ಳಿ: ಓದು, ಆರೋಗ್ಯ, ಯಾರ ಜೊತೆ ಇರಲು ಇಷ್ಟ. ‘ನನ್ನ ಮಾತು ಯಾರು ಕೇಳ್ತಾರೆ’ ಅನ್ನುವುದು ಬರೀ ಅಭ್ಯಾಸ. ಒಂದು ಸಲ ಮಾತಾಡಿದರೆ ಅದು ಬಿಟ್ಟುಹೋಗುತ್ತದೆ.

3. ನಿಮ್ಮ ಕೇರ್ ಪ್ಲಾನ್ ಓದಿ.
ಪ್ರತಿ ಮಗುವಿಗೂ ವೈಯಕ್ತಿಕ ಆರೈಕೆ ಯೋಜನೆ ಇರಬೇಕು. ತೋರಿಸಿ ಎಂದು ಕೇಳಿ. ಕಾಮರ್ಸ್ ಓದಬೇಕೆಂಬ ಆಸೆ ಅದರಲ್ಲಿ ಇಲ್ಲದಿದ್ದರೆ ಸೇರಿಸಲು ಹೇಳಿ. ಅಧಿಕಾರಿಗಳು ಬದಲಾದರೂ ಬರಹ ಫೈಲ್‌ನಲ್ಲಿ ಉಳಿಯುತ್ತದೆ.

4. ದಾಖಲೆಗಳ ಒಂದು ಫೈಲ್ ಮಾಡಿ.
ಆಧಾರ್, ಟಿಸಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಜಾತಿ ಪ್ರಮಾಣಪತ್ರ, ಪಾಸ್‌ಬುಕ್, ಸಮಿತಿಯ ಆದೇಶದ ಪ್ರತಿ ಎಲ್ಲವೂ ಒಂದೆಡೆ ಇರಲಿ. ಹೆಸರಿನ ಸ್ಪೆಲಿಂಗ್, ಹುಟ್ಟಿದ ದಿನಾಂಕ ಎಲ್ಲದರಲ್ಲೂ ಒಂದೇ ಇದೆಯೇ ನೋಡಿ. 94ನೇ ಸೆಕ್ಷನ್ ಪ್ರಕಾರ ವಯಸ್ಸಿಗೆ ಮೊದಲು ನೋಡುವುದೇ ಶಾಲೆಯ ಅಥವಾ ಎಸ್ಸೆಸ್ಸೆಲ್ಸಿ ದಾಖಲೆ. ತಪ್ಪಿದ್ದರೆ ಈಗಲೇ ತಿದ್ದಿಸಿ.

5. ನಿಮ್ಮ ಹಣದ ಲೆಕ್ಕ ಇಡಿ.
ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಫಾಸ್ಟರ್ ಕೇರ್ (ಸಾಕು ಕುಟುಂಬದ ಆರೈಕೆ) ನೆರವು ಮಗುವಿಗೆ ತಿಂಗಳಿಗೆ ₹4,000. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡು ಪಿಎಂ ಕೇರ್ಸ್ ಯೋಜನೆಗೆ ಸೇರಿದವರಿಗೆ 23 ತುಂಬಿದಾಗ ₹10 ಲಕ್ಷ ಸಿಗುತ್ತದೆ. ಪಾಸ್‌ಬುಕ್ ಎಂಟ್ರಿ ಹಾಕಿಸಿ. ಹಣ ನಿಂತಿದ್ದರೆ ಘಟಕಕ್ಕೆ ಅರ್ಜಿ ಕೊಡಿ.

6. ಅನುಪಾಲನಾ (ಆಫ್ಟರ್ ಕೇರ್) ಸೌಲಭ್ಯಕ್ಕೆ ಮೊದಲೇ ಅರ್ಜಿ ಹಾಕಿ.
ಎಲ್ಲಕ್ಕಿಂತ ಮುಖ್ಯವಾದ ಸೂತ್ರ ಇದೇ. 18 ತುಂಬಿ ಸಂಸ್ಥೆ ಬಿಡುವವರಿಗೆ 21ರ ವರೆಗೆ, ವಿಶೇಷ ಸಂದರ್ಭದಲ್ಲಿ 23ರ ವರೆಗೆ, ವಸತಿ, ತರಬೇತಿ, ಹಣದ ನೆರವು ಪಡೆಯಲು 46ನೇ ಸೆಕ್ಷನ್ ಮತ್ತು ನಿಯಮಗಳಲ್ಲಿ ದಾರಿಯಿದೆ. ಹೊರಡುವ ಎರಡು ತಿಂಗಳು ಮೊದಲೇ ಮುಂದಿನ ಯೋಜನೆ ಸಮಿತಿಗೆ ಹೋಗಬೇಕು. ಹಾಗಾಗಿ 17 ತುಂಬಿದ ಕೂಡಲೇ ಬರೆಯಿರಿ:

‘ಗೆ, ಅಧ್ಯಕ್ಷರು, ಮಕ್ಕಳ ಕಲ್ಯಾಣ ಸಮಿತಿ, ಚಾಮರಾಜನಗರ. ವಿಷಯ: ಅನುಪಾಲನಾ ಸೌಲಭ್ಯ ಕೋರಿ. ಮಾನ್ಯರೇ, ನನಗೆ ______ ದಿನಾಂಕಕ್ಕೆ 18 ವರ್ಷ ತುಂಬುತ್ತದೆ. ನಾನು ______ ಕೋರ್ಸ್ ಮುಂದುವರಿಸಬೇಕು. ವಸತಿ ಮತ್ತು ಆರ್ಥಿಕ ನೆರವು ಮಂಜೂರು ಮಾಡಬೇಕೆಂದು ಕೋರುತ್ತೇನೆ.’

ಎರಡು ಪ್ರತಿ ಮಾಡಿ. ಒಂದರ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ಸಾಕು ಕುಟುಂಬದಲ್ಲಿ ಇರುವವರು 18ರ ನಂತರ ತಮಗೆ ಯಾವ ನೆರವಿದೆ ಎಂದು ಘಟಕಕ್ಕೆ ಈಗಲೇ ಬರೆದು ಕೇಳಿ.

7. ಉಚಿತ ವಕೀಲರ ನೆರವು ಪಡೆಯಿರಿ.
1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಪ್ರಕಾರ ಮಕ್ಕಳಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿ ಇಲ್ಲದೆ ಉಚಿತ ಕಾನೂನು ನೆರವಿದೆ. ಗುಂಡ್ಲುಪೇಟೆಯವರು ಚಾಮರಾಜನಗರದ ಬಸ್ ಹತ್ತುವ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ಸಹಾಯವಾಣಿ 15100. ಜೊತೆಗೆ ವಕೀಲರಿದ್ದರೆ ಅರ್ಜಿಗೆ ತೂಕ ಬರುತ್ತದೆ.

8. ನಿಮ್ಮ ಗುರುತು, ನಿಮ್ಮ ಸುರಕ್ಷತೆ ಕಾಪಾಡಿಕೊಳ್ಳಿ.
ಊಟ ಹಾಕಿಸಿದವರು ನಿಮ್ಮ ಫೋಟೊ ಸ್ಟೇಟಸ್‌ಗೆ ಹಾಕಲು ಬಂದರೆ ‘ಬೇಡ ಸರ್’ ಅನ್ನಿ. ನಿಮ್ಮ ಹೆಸರು, ಚಿತ್ರ, ಶಾಲೆಯ ಗುರುತು ಬಯಲು ಮಾಡುವುದನ್ನು 74ನೇ ಸೆಕ್ಷನ್ ನಿಷೇಧಿಸುತ್ತದೆ. ಶಿಕ್ಷೆ ಆರು ತಿಂಗಳವರೆಗೆ ಜೈಲು, ₹2 ಲಕ್ಷದವರೆಗೆ ದಂಡ ಅಥವಾ ಎರಡೂ. ಹೊಡೆತ, ಕಿರುಕುಳ, ಬಲವಂತದ ಮದುವೆಯ ಮಾತು ಬಂದರೆ ತಕ್ಷಣ 1098ಕ್ಕೆ ಫೋನ್ ಮಾಡಿ. ಸುಮ್ಮನಿರಬೇಡಿ, ತಪ್ಪು ನಿಮ್ಮದಲ್ಲ.

9. ‘ಆಗಲ್ಲ’ ಅಂದರೆ ಮೇಲ್ಮನವಿ ಹಾಕಿ.
ಕಾರಣವನ್ನು ಬರವಣಿಗೆಯಲ್ಲಿ ಕೇಳಿ. ಫಾಸ್ಟರ್ ಕೇರ್, ಅನುಪಾಲನೆ ಕುರಿತ ಸಮಿತಿಯ ಆದೇಶ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಡಿಸಿಗೆ, ಮೇಲ್ಮನವಿ ಸಲ್ಲಿಸಬಹುದು. ಆದೇಶದ ದಿನಾಂಕ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಅರ್ಜಿ ಎಲ್ಲಿ ನಿಂತಿದೆ ಎಂದು ತಿಳಿಯಲು ₹10 ಶುಲ್ಕದ ಮಾಹಿತಿ ಹಕ್ಕು (ಆರ್‌ಟಿಐ) ಅರ್ಜಿ ಹಾಕಿ. ಕರ್ನಾಟಕದಲ್ಲಿ ಒಂದೇ ವಿಷಯ, 150 ಪದದೊಳಗೆ ಬರೆಯಬೇಕು.

ಈ ವಾರವೇ ಎರಡು ಕೆಲಸ ಮುಗಿಸಿ: ಫೈಲ್ ಜೋಡಿಸಿ, 6ನೇ ಸೂತ್ರದ ಅರ್ಜಿಯ ಕರಡು ಬರೆಯಿರಿ. ಆಮೇಲೆ ನಿಮ್ಮ ಜೊತೆ ಇರುವ ಕಿರಿಯರಿಗೂ ಬರೆಯುವುದನ್ನು ಕಲಿಸಿ. ನೀವು ಕೇಳುತ್ತಿರುವುದು ಯಾರ ಕೃಪೆಯನ್ನೂ ಅಲ್ಲ, ಕಾಯ್ದೆ ಈಗಾಗಲೇ ನಿಮ್ಮ ಹೆಸರಿಗೆ ಬರೆದಿಟ್ಟಿರುವುದನ್ನು.