ಬಾಡಿ ಬದಲಿಸಬೇಕೋ, ಲೆನ್ಸ್ ಕೊಳ್ಳಬೇಕೋ?

ಮಿರರ್‌ಲೆಸ್ ಕ್ಯಾಮೆರಾ ಕೊಂಡು ಎರಡು ಮೂರು ವರ್ಷ ಆಗಿರುತ್ತದೆ. ಜೊತೆಗೆ ಬಂದ ಕಿಟ್ ಲೆನ್ಸ್ ಬಿಟ್ಟರೆ ಬ್ಯಾಗಿನಲ್ಲಿ ಬೇರೇನೂ ಇಲ್ಲ. ಆರತಕ್ಷತೆಯಲ್ಲಿ ತೆಗೆದ ಫೋಟೊಗಳಲ್ಲಿ ಮುಖದ ತುಂಬ ಮರಳು ಎರಚಿದಂಥ ನಾಯ್ಸ್. ರಂಗನತಿಟ್ಟಿನ ಫೋಟೊಗಳಲ್ಲಿ ಹಕ್ಕಿಗಿಂತ ನೀರೇ ಜಾಸ್ತಿ. ಅಷ್ಟು ಹೊತ್ತಿಗೆ ಕಂಪನಿ ಹೊಸ ಮಾಡೆಲ್ ಬಿಟ್ಟಿರುತ್ತದೆ, ಯೂಟ್ಯೂಬಿನಲ್ಲಿ ಅದರ ಗುಣಗಾನವೂ ಶುರುವಾಗಿರುತ್ತದೆ. ಕೈಯಲ್ಲಿರುವ ದುಡ್ಡು ಯಾವುದಾದರೂ ಒಂದಕ್ಕೆ ಮಾತ್ರ ಸಾಲುತ್ತದೆ.

‘ಮೊದಲು ಲೆನ್ಸ್ ತಗೊಳ್ಳಿ’ ಎನ್ನುವುದು ಹಳಬರ ಸಿದ್ಧ ಉತ್ತರ. ಬಹುಪಾಲು ಸಲ ಅದು ಸರಿಯೇ. ಆದರೆ ಯಾವ ಲೆನ್ಸ್, ಯಾತಕ್ಕೆ ಎಂದು ಕೇಳಿದರೆ ಅವರವರ ಇಷ್ಟದ ಲೆನ್ಸಿನ ಹೆಸರು ಹೇಳುತ್ತಾರೆ. ನಿಮಗೆ ಬೇಕಾದದ್ದು ಯಾವುದೆಂದು ತಿಳಿಯಲು ನೀವೇ ತೆಗೆದ ಕೆಟ್ಟ ಫೋಟೊಗಳನ್ನು ಎದುರಿಗಿಟ್ಟುಕೊಳ್ಳಬೇಕು.

1. ಕೆಟ್ಟ ಫೋಟೊಗಳನ್ನು ಆರಿಸಿ

ಕಳೆದ ಒಂದು ವರ್ಷದ ಫೋಟೊಗಳಿಂದ ಬೇಸರ ತಂದ ಐವತ್ತನ್ನು ಒಂದು ಫೋಲ್ಡರಿಗೆ ಹಾಕಿ. ಪ್ರತಿ ಫೈಲಿನೊಳಗೂ ಫೋಕಲ್ ಲೆಂತ್, ಅಪರ್ಚರ್, ಶಟರ್ ಸ್ಪೀಡ್, ಐಎಸ್‌ಒ ದಾಖಲಾಗಿರುತ್ತವೆ. ಲೈಟ್‌ರೂಮ್ ಕ್ಲಾಸಿಕ್ ಇದ್ದರೆ ಲೈಬ್ರರಿಯ ಮೆಟಾಡೇಟಾ ಫಿಲ್ಟರಿನಲ್ಲಿ ಇವನ್ನೆಲ್ಲ ಒಟ್ಟಿಗೆ ನೋಡಬಹುದು. ಉಚಿತ ತಂತ್ರಾಂಶ ಬೇಕೆಂದರೆ ಡಿಜಿಕ್ಯಾಮ್ ಇದೆ. ಏನೂ ಇಲ್ಲದಿದ್ದರೆ ವಿಂಡೋಸಿನಲ್ಲಿ ಫೈಲಿನ ಪ್ರಾಪರ್ಟೀಸ್ ತೆರೆದರೂ ಸಾಕು. ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತ ಹೋಗಿ. ಇಪ್ಪತ್ತು ಫೋಟೊ ಮುಗಿಯುವಷ್ಟರಲ್ಲಿ ಒಂದೇ ಬಗೆಯ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ.

2. ತಪ್ಪು ಯಾರದೆಂದು ನೋಡಿ

*ನಾಯ್ಸ್.* ಕಲ್ಯಾಣ ಮಂಟಪದ ಫೋಟೊ ಎಂದಿಟ್ಟುಕೊಳ್ಳಿ: ಕ್ಯಾನನ್ ಆರ್50, ಕಿಟ್ ಲೆನ್ಸಿನ 45 ಎಂ.ಎಂ. ತುದಿ, ಅಪರ್ಚರ್ ಎಫ್/6.3, ಐಎಸ್‌ಒ 6400. ಆ ಲೆನ್ಸ್ ಆ ತುದಿಯಲ್ಲಿ ಅದಕ್ಕಿಂತ ಅಗಲ ತೆರೆಯುವುದೇ ಇಲ್ಲ. ಅದೇ ಜಾಗದಲ್ಲಿ 50 ಎಂ.ಎಂ. ಎಫ್/1.8 ಲೆನ್ಸ್ ಇದ್ದಿದ್ದರೆ? 6.3 ಅನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ: ಸುಮಾರು 12. ಅಂದರೆ ಹನ್ನೆರಡು ಪಟ್ಟು ಬೆಳಕು. ಐಎಸ್‌ಒ 6400 ಇದ್ದದ್ದು 500ರ ಹತ್ತಿರಕ್ಕೆ ಇಳಿಯುತ್ತದೆ.

ಲೆನ್ಸ್ ಬಿಟ್ಟು, ದೊಡ್ಡ ಸೆನ್ಸರಿನ ಫುಲ್ ಫ್ರೇಮ್ ಬಾಡಿ ಕೊಂಡು, ಅದರ ಮುಂದೆಯೂ ಎಫ್/6.3 ಲೆನ್ಸನ್ನೇ ಹಾಕಿದಿರಿ ಎನ್ನಿ. ಫುಲ್ ಫ್ರೇಮ್ ಸೆನ್ಸರಿನ ವಿಸ್ತೀರ್ಣ ಸೋನಿ, ನಿಕಾನ್‌ನ ಎಪಿಎಸ್-ಸಿ ಎಂಬ ಚಿಕ್ಕ ಸೆನ್ಸರಿಗಿಂತ ಸುಮಾರು 2.3 ಪಟ್ಟು, ಕ್ಯಾನನ್‌ನದಕ್ಕಿಂತ 2.6 ಪಟ್ಟು ಇರುತ್ತದೆ. ಲಾಭ ಒಂದು ಸ್ಟಾಪಿಗಿಂತ (ಎಂದರೆ ಎರಡು ಪಟ್ಟು ಬೆಳಕಿಗಿಂತ) ತುಸು ಹೆಚ್ಚು, ಅಷ್ಟೇ. ಅದಕ್ಕೆ ತೆರುವ ಬೆಲೆ ಸಾಮಾನ್ಯವಾಗಿ ಲಕ್ಷದ ಆಚೆ, 50 ಎಂ.ಎಂ. ಎಫ್/1.8 ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಇಲ್ಲಿ ಯೋಚಿಸುವುದಕ್ಕೇ ಏನಿಲ್ಲ, ಲೆನ್ಸ್ ಕೊಳ್ಳಿ.

ಎರಡು ಎಚ್ಚರಿಕೆ ಮಾತ್ರ ಹೇಳಬೇಕು. ಎಪಿಎಸ್-ಸಿ ಬಾಡಿಯಲ್ಲಿ 50 ಎಂ.ಎಂ. ನಮ್ಮ ಮನೆಗಳ ನಡುಮನೆಗೆ ಇಕ್ಕಟ್ಟಾಗುತ್ತದೆ. ಗೋಡೆಗೆ ಬೆನ್ನು ಹತ್ತಿಸಿ ನಿಂತರೂ ನಾಲ್ಕು ಜನ ಹಿಡಿಸುವುದು ಕಷ್ಟ. ಮಕ್ಕಳ ಹುಟ್ಟುಹಬ್ಬ, ಮನೆಯ ಪೂಜೆ ತೆಗೆಯುವವರಿಗೆ 30 ಅಥವಾ 35 ಎಂ.ಎಂ. ಮೇಲು. ಸಿಗ್ಮಾದ 30 ಎಂ.ಎಂ. ಎಫ್/1.4 ಸೋನಿ, ಫ್ಯೂಜಿ, ನಿಕಾನ್, ಕ್ಯಾನನ್ ನಾಲ್ಕು ಮೌಂಟಿಗೂ ಬಂದಿದೆ. ಇನ್ನೊಂದು, ವೇದಿಕೆ ಮೇಲೆ ಮೂರು ಸಾಲಾಗಿ ನಿಂತ ನೆಂಟರನ್ನು ಎಫ್/1.8ರಲ್ಲಿ ತೆಗೆದರೆ ಮುಂದಿನ ಸಾಲು ಶಾರ್ಪ್, ಹಿಂದಿನ ಸಾಲಿನ ಚಿಕ್ಕಪ್ಪ ಮಸುಕು. ಎಲ್ಲರೂ ಶಾರ್ಪ್ ಆಗಲು ಅಪರ್ಚರ್ ಕಿರಿದಾಗಿಸಬೇಕು, ಆಗ ಬೆಳಕು ಸಾಲದು. ಹಾಗಾಗಿ ಗುಂಪಿನ ಫೋಟೊಗೆ ಬೇಕಾದದ್ದು ಲೆನ್ಸೂ ಅಲ್ಲ, ಬಾಡಿಯೂ ಅಲ್ಲ, ಒಂದು ಫ್ಲ್ಯಾಶ್. ಬಿಳಿ ಸೂರಿಗೆ ಬೌನ್ಸ್ ಮಾಡಿದರೆ ಹದವಾದ ಬೆಳಕು ಬರುತ್ತದೆ. ಶಾಮಿಯಾನದ ಬಣ್ಣದ ಬಟ್ಟೆಗೆ ಬೌನ್ಸ್ ಮಾಡಬೇಡಿ, ಮದುಮಗಳ ಮುಖಕ್ಕೂ ಅದೇ ಬಣ್ಣ ಬಳಿದುಕೊಳ್ಳುತ್ತದೆ.

*ಅಲುಗಾಟ.* ಇದರಲ್ಲಿ ಎರಡು ಜಾತಿ. ಇಡೀ ಫೋಟೊ ಒಂದೇ ದಿಕ್ಕಿಗೆ ಎಳೆದಂತಿದ್ದರೆ ನಿಮ್ಮ ಕೈ ಅಲುಗಿದೆ. ಹಿನ್ನೆಲೆ ಚೊಕ್ಕವಾಗಿದ್ದು ವ್ಯಕ್ತಿಯ ಕೈಕಾಲು ಮಾತ್ರ ಮಸುಕಾಗಿದ್ದರೆ ಎದುರಿದ್ದವರು ಅಲುಗಿದ್ದಾರೆ. ಬಾಡಿಯೊಳಗಿನ ಸ್ಟೆಬಿಲೈಸೇಶನ್ ನಿವಾರಿಸುವುದು ಮೊದಲನೆಯದನ್ನು ಮಾತ್ರ. ಹಳೇಬೀಡಿನ ಕಂಬಗಳನ್ನು ಸಂಜೆಗತ್ತಲಲ್ಲಿ ಟ್ರೈಪಾಡ್ ಇಲ್ಲದೆ ತೆಗೆಯುವವರಿಗೆ ಅದು ವರವೇ ಸರಿ. ಯಕ್ಷಗಾನದ ವೇಷಧಾರಿ ದಿಗಿಣ ಹಾಕುವಾಗ ಅದು ಏನೂ ಮಾಡಲಾರದು. ಅಲ್ಲಿ ಶಟರ್ 1/500ರ ಹತ್ತಿರ ಇರಬೇಕು, ಅಷ್ಟು ವೇಗಕ್ಕೆ ಬೆಳಕು ಬೇಕು, ಬೆಳಕಿಗೆ ಅಗಲವಾದ ಅಪರ್ಚರ್ ಬೇಕು. ‘ಐದು ಆಕ್ಸಿಸ್ ಸ್ಟೆಬಿಲೈಸೇಶನ್’ ಎಂಬ ಜಾಹೀರಾತು ನೋಡಿ ಬಾಡಿ ಬದಲಿಸಿದ ಯಕ್ಷಗಾನ ಛಾಯಾಗ್ರಾಹಕರಿಗೆ ಕಾದಿರುವುದು ನಿರಾಸೆ.

ಕೊಳ್ಳುವ ಮೊದಲು ಒಂದು ಬಿಟ್ಟಿ ಪ್ರಯೋಗ ಮಾಡಿ. ಆಟೊ ಐಎಸ್‌ಒ ಮೆನುವಿನಲ್ಲಿ ಕನಿಷ್ಠ ಶಟರ್ ಸ್ಪೀಡ್ ಇಂತಿಷ್ಟು ಎಂದು ನಿಗದಿ ಮಾಡುವ ಅವಕಾಶ ಅನೇಕ ಕ್ಯಾಮೆರಾಗಳಲ್ಲಿದೆ. ಇಲ್ಲದಿದ್ದರೆ ಶಟರ್ ಪ್ರಯಾರಿಟಿ ಮೋಡ್ ಬಳಸಿ. ನಾಯ್ಸ್ ತುಸು ಹೆಚ್ಚಬಹುದು. ನಾಯ್ಸ್ ಇರುವ ಫೋಟೊವನ್ನು ಇಂದಿನ ತಂತ್ರಾಂಶಗಳು ಚೆನ್ನಾಗಿಯೇ ಒರೆಸಿಕೊಡುತ್ತವೆ, ಅಲುಗಿದ್ದನ್ನು ಅಷ್ಟು ಚೆನ್ನಾಗಿ ಸರಿಮಾಡಲಾರವು.

*ತಪ್ಪಿದ ಫೋಕಸ್.* ಶಟರ್ ವೇಗ ಸರಿಯಿದೆ, ಬೆಳಕೂ ಇದೆ, ಆದರೆ ಹಕ್ಕಿಯ ಹಿಂದಿನ ಕೊಂಬೆ ಶಾರ್ಪ್ ಆಗಿದೆ. ಇಂಥ ಫೋಟೊಗಳೇ ಫೋಲ್ಡರಿನಲ್ಲಿ ಹೆಚ್ಚಿದ್ದರೆ ಬಾಡಿಯ ಮೇಲೆ ಅನುಮಾನಪಡಲು ಕಾರಣವಿದೆ. ಆದರೂ ಮೊದಲು ಸೆಟ್ಟಿಂಗ್ ನೋಡಿ. ಓಡುವ ಮಗುವಿಗೆ ಸಿಂಗಲ್ ಫೋಕಸ್ ಇಟ್ಟಿದ್ದೀರಾ? ಕಣ್ಣು ಗುರುತಿಸುವ ಸೌಲಭ್ಯ ಆಫ್ ಆಗಿದೆಯೇ? ಆಮೇಲೆ ಫರ್ಮ್‌ವೇರ್. 2018ರಲ್ಲಿ ಬಂದ ಸೋನಿ ಎ7-3 ಕ್ಯಾಮೆರಾಗೆ ಪ್ರಾಣಿಗಳ ಕಣ್ಣು ಗುರುತಿಸುವ ಶಕ್ತಿ ಬಂದದ್ದು 2019ರ ಫರ್ಮ್‌ವೇರಿನಿಂದ. ನಿಕಾನ್ ಝಡ್6, ಝಡ್7 ಕೊಂಡವರಿಗೂ ಅದೇ ವರ್ಷ ಮನುಷ್ಯರ ಕಣ್ಣಿನ ಫೋಕಸ್ ಹಾಗೆಯೇ ದಕ್ಕಿತು, ಕಾಸು ಖರ್ಚಿಲ್ಲದೆ. ಕೊಂಡ ದಿನದಿಂದ ಒಮ್ಮೆಯೂ ಅಪ್‌ಡೇಟ್ ಮಾಡದವರು ಮೊದಲು ಆ ಕೆಲಸ ಮುಗಿಸಲಿ.

ಇಷ್ಟಾದ ಮೇಲೂ ತಪ್ಪುತ್ತಿದ್ದರೆ ಬಾಡಿ ಬದಲಿಸಿ. 2014ರ ಸೋನಿ ಎ6000ಕ್ಕೂ 2023ರ ಎ6700ಕ್ಕೂ ಮೆಗಾಪಿಕ್ಸೆಲ್‌ನಲ್ಲಿ ಹೆಚ್ಚು ಅಂತರವಿಲ್ಲ, 24ರಿಂದ 26. ಫೋಕಸಿನಲ್ಲಿ ಮಾತ್ರ ಅಜಗಜಾಂತರ. ಹೊಸದು ಹಕ್ಕಿ, ಪ್ರಾಣಿ, ಕೀಟ, ವಾಹನಗಳನ್ನು ಬೇರೆ ಬೇರೆಯಾಗಿ ಗುರುತಿಸಿ ಬೆನ್ನಟ್ಟುತ್ತದೆ. ಹಾರುವ ಹಕ್ಕಿ ತೆಗೆಯುವವರು ಹಳೆಯ ಬಾಡಿಗೆ ಎಷ್ಟೇ ದುಬಾರಿ ಲೆನ್ಸ್ ಹಾಕಿದರೂ ಈ ಕೊರತೆ ತುಂಬುವುದಿಲ್ಲ.

*ದೂರ.* ಹಕ್ಕಿ ಸಣ್ಣದಾಗಿ ಬಂತು, ಆದ್ದರಿಂದ ಹೆಚ್ಚು ಮೆಗಾಪಿಕ್ಸೆಲ್ ಇರುವ ಬಾಡಿ ಕೊಂಡು ಕ್ರಾಪ್ ಮಾಡೋಣ ಎನ್ನುವವರಿದ್ದಾರೆ. 24ರಿಂದ 33 ಮೆಗಾಪಿಕ್ಸೆಲ್‌ಗೆ ಹೋದರೆ ಉದ್ದಗಲದಲ್ಲಿ ಸಿಗುವುದು ಶೇ 17ರಷ್ಟು ಮಾತ್ರ. 210 ಎಂ.ಎಂ. ಲೆನ್ಸಿನಿಂದ 400 ಎಂ.ಎಂ. ಲೆನ್ಸಿಗೆ ಹೋದರೆ ಹಕ್ಕಿ ಹೆಚ್ಚುಕಡಿಮೆ ಎರಡು ಪಟ್ಟು ದೊಡ್ಡದಾಗುತ್ತದೆ. ಇನ್ನೂ ಕೆಟ್ಟ ನಿರ್ಧಾರವೆಂದರೆ ಇದೇ ಕಾರಣಕ್ಕೆ ಫುಲ್ ಫ್ರೇಮ್ ಕೊಳ್ಳುವುದು. ಎಪಿಎಸ್-ಸಿ ಬಾಡಿಯಲ್ಲಿ 400 ಎಂ.ಎಂ. ಲೆನ್ಸ್ 600ರಷ್ಟು (ಕ್ಯಾನನ್‌ನಲ್ಲಿ 640ರಷ್ಟು) ಹತ್ತಿರ ತೋರಿಸುತ್ತದೆ. ಫುಲ್ ಫ್ರೇಮಿಗೆ ಹೋದ ದಿನವೇ ಅದು ಕೈತಪ್ಪುತ್ತದೆ.

ಕೊನೆಗೆ ಕೆಲವು ಫೋಟೊ ಉಳಿಯುತ್ತವೆ: ಫೋಕಸ್ ಸರಿ, ನಾಯ್ಸ್ ಇಲ್ಲ, ಆದರೂ ಸಪ್ಪೆ. ನಡುಮಧ್ಯಾಹ್ನದ ಬಿಸಿಲಲ್ಲಿ ತೆಗೆದವೋ, ತಲೆಯ ಹಿಂದೆ ಲೈಟ್ ಕಂಬ ನಿಂತವೋ ಆಗಿರುತ್ತವೆ. ಇವಕ್ಕೆ ಅಂಗಡಿಯಲ್ಲಿ ಔಷಧ ಸಿಗುವುದಿಲ್ಲ.

3. ಫೋಟೊ ಎಲ್ಲಿಗೆ ಹೋಗುತ್ತದೆ?

ವಾಟ್ಸ್‌ಆ್ಯಪ್, ಇನ್‌ಸ್ಟಾಗ್ರಾಂ ಬಿಟ್ಟು ಬೇರೆಡೆಗೆ ಹೋಗದ ಫೋಟೊಗಳಿಗೆ ಮೆಗಾಪಿಕ್ಸೆಲ್ ಚರ್ಚೆಯೇ ಅನಗತ್ಯ. ಮದುವೆ ಆಲ್ಬಂನ ಒಂದು ಪುಟ 12×18 ಇಂಚು ಎಂದರೆ, ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ 3600×5400 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ 4000×6000 ಕೊಡುತ್ತದೆ. ಸಾಕಾಗಿ ಮಿಗುತ್ತದೆ.

4. ಬಾಡಿಯೇ ಬೇಕಾಗುವ ಸಂದರ್ಭ

ಫೋಕಸಿನ ಮಾತು ಆಯಿತು. ದುಡ್ಡು ಪಡೆದು ಮದುವೆ ತೆಗೆಯುವವರಿಗೆ ಎರಡು ಮೆಮೊರಿ ಕಾರ್ಡ್ ಹಿಡಿಸುವ ಬಾಡಿ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಒಂದು ಕಾರ್ಡ್ ಕೈಕೊಟ್ಟರೆ ಮಾಂಗಲ್ಯಧಾರಣೆಯನ್ನು ಇನ್ನೊಮ್ಮೆ ಮಾಡಿಸಲಾಗದು. ವಿಡಿಯೊ ಮುಖ್ಯವಾದವರಿಗೂ ಬಾಡಿಯೇ ನಿರ್ಣಾಯಕ: ಸೋನಿ ಎ6400 8 ಬಿಟ್‌ನಲ್ಲಿ ಚಿತ್ರೀಕರಿಸಿದರೆ ಎ6700 10 ಬಿಟ್‌ನಲ್ಲಿ ಚಿತ್ರೀಕರಿಸುತ್ತದೆ. ಆಕಾಶದ, ಚರ್ಮದ ಬಣ್ಣ ತಿದ್ದುವಾಗ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಎಲ್ಇಡಿ ದೀಪದಡಿ ಫೋಟೊದಲ್ಲಿ ಕಪ್ಪು ಪಟ್ಟಿ ಬರುತ್ತದೆಂದು ಬಾಡಿ ಬದಲಿಸಹೊರಟವರು ಸ್ವಲ್ಪ ತಡೆಯಿರಿ. ಸೈಲೆಂಟ್ ಶಟರ್ ಆಫ್ ಮಾಡಿ ಮೆಕ್ಯಾನಿಕಲ್ ಶಟರಿನಲ್ಲಿ, 1/50 ಅಥವಾ 1/100ರಲ್ಲಿ ತೆಗೆದು ನೋಡಿ.

5. ಹಿಂದೆಯೇ ಬರುವ ಖರ್ಚು

ಫುಲ್ ಫ್ರೇಮ್ ಬಾಡಿಯ ಬೆಲೆ ಅಂಗಡಿಯವರು ಹೇಳಿದಲ್ಲಿಗೆ ಮುಗಿಯುವುದಿಲ್ಲ. ನಿಮ್ಮ ಈಗಿನ ಎಪಿಎಸ್-ಸಿ ಲೆನ್ಸ್ ಅದರ ಮೇಲೆ ಕೂರುತ್ತದೆ, ನಿಜ. ಆದರೆ ಕ್ಯಾಮೆರಾ ಸೆನ್ಸರಿನ ನಡುಭಾಗವನ್ನಷ್ಟೇ ಬಳಸುವುದರಿಂದ 24 ಮೆಗಾಪಿಕ್ಸೆಲ್‌ನಲ್ಲಿ ದಕ್ಕುವುದು ಸುಮಾರು 10. ಹಾಗಾಗಿ ಬಾಡಿ ಕೊಂಡ ವರ್ಷದೊಳಗೆ ಲೆನ್ಸನ್ನೂ ಕೊಳ್ಳಬೇಕಾಗುತ್ತದೆ. ಮುಂದೆಂದಾದರೂ ಫುಲ್ ಫ್ರೇಮಿಗೆ ಹೋಗುವುದು ಖಚಿತವಿದ್ದರೆ ಈಗ ಕೊಳ್ಳುವ ಲೆನ್ಸನ್ನೇ ಫುಲ್ ಫ್ರೇಮಿಗೆ ಹೊಂದುವಂಥದ್ದು ಆರಿಸಿ. ಖಚಿತವಿಲ್ಲದಿದ್ದರೆ ಆ ಭಾರ, ಆ ಬೆಲೆ ಸುಮ್ಮನೆ ದಂಡ.

ಕ್ಯಾನನ್‌ನ ಆರ್‌ಎಫ್ ಮೌಂಟ್ ಕ್ಯಾಮೆರಾ ಬಳಸುವವರಿಗೆ ಮೊದಲು ಸಿಗ್ಮಾ, ಟ್ಯಾಮ್ರಾನ್‌ನ ಆಯ್ಕೆ ಇರಲಿಲ್ಲ. 2024ರಿಂದ ಆರ್‌ಎಫ್ ಮೌಂಟಿಗೆ ಆ ಎರಡು ಕಂಪನಿಗಳ ಎಪಿಎಸ್-ಸಿ ಲೆನ್ಸ್‌ಗಳು ಬರತೊಡಗಿವೆ. ಲೆನ್ಸ್ ಸಿಗುವುದಿಲ್ಲವೆಂಬ ಒಂದೇ ಕಾರಣಕ್ಕೆ ಕಂಪನಿ ಬದಲಿಸಲು ಹೊರಟವರು ಈಗಿನ ಪಟ್ಟಿಯನ್ನು ಮತ್ತೊಮ್ಮೆ ನೋಡಲಿ.

ಮರುಮಾರಾಟದ ಮಾತೂ ಇದೆ. ಹೊಸ ಮಾಡೆಲ್ ಬಂದ ಕೂಡಲೇ ಹಳೆಯ ಬಾಡಿಯ ಬೆಲೆ ಕುಸಿಯುತ್ತದೆ, ಒಳ್ಳೆಯ ಲೆನ್ಸಿನ ಬೆಲೆ ನಿಧಾನಕ್ಕೆ ಇಳಿಯುತ್ತದೆ.

6. ಕೊಳ್ಳುವ ಮೊದಲು ಬಾಡಿಗೆಗೆ ತನ್ನಿ

ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ದಿನದ ಲೆಕ್ಕದಲ್ಲಿ ಬಾಡಿಗೆಗೆ ಕೊಡುವವರು ಬೇಕಾದಷ್ಟಿದ್ದಾರೆ. ಗುರುತಿನ ಚೀಟಿ, ಡೆಪಾಸಿಟ್ ಕೇಳುತ್ತಾರೆ. ಮನಸ್ಸಿನಲ್ಲಿರುವ ಲೆನ್ಸನ್ನು ವಾರಾಂತ್ಯಕ್ಕೆ ತಂದು ನಿಮ್ಮ ಮಾಮೂಲಿ ಜಾಗದಲ್ಲೇ ಬಳಸಿ. ಸೋನಿಯ 200-600 ಎಂ.ಎಂ. ಲೆನ್ಸಿನ ತೂಕ ಎರಡು ಕಿಲೊ ದಾಟುತ್ತದೆ. ಅಂಗಡಿಯ ಮೇಜಿನ ಮೇಲೆ ಅದು ಗೊತ್ತಾಗುವುದಿಲ್ಲ, ಕಬಿನಿಯ ಸಫಾರಿ ಜೀಪಿನಲ್ಲಿ ಮೂರು ಗಂಟೆ ಕೂತರೆ ಗೊತ್ತಾಗುತ್ತದೆ. ವರ್ಷಕ್ಕೆ ಎರಡೇ ಸಲ ಕಾಡಿಗೆ ಹೋಗುವವರು ಅದನ್ನು ಕೊಳ್ಳುವುದೇ ಬೇಡ, ಪ್ರತಿ ಸಲವೂ ಬಾಡಿಗೆಗೆ ತರಲಿ.

ಬಾಡಿಗೆ ಸಿಗದ ಊರಿನವರಿಗೆ ಬೇರೊಂದು ಉಪಾಯವಿದೆ. ಕಿಟ್ ಲೆನ್ಸನ್ನು 35 ಎಂ.ಎಂ.ಗೆ ತಿರುಗಿಸಿ ಟೇಪ್ ಅಂಟಿಸಿ. ಜೂಮ್ ಮುಟ್ಟದೆ ಒಂದು ಭಾನುವಾರ ಕಳೆಯಿರಿ. 35 ಎಂ.ಎಂ.ನ ಪ್ರೈಮ್ (ಜೂಮ್ ಇಲ್ಲದ) ಲೆನ್ಸಿನ ನೋಟ ನಿಮಗೆ ಒಗ್ಗುತ್ತದೋ ಇಲ್ಲವೋ ಸಂಜೆಯೊಳಗೆ ತಿಳಿಯುತ್ತದೆ.

7. ಅಂಗಡಿಯಲ್ಲಿ, ಸೆಕೆಂಡ್ ಹ್ಯಾಂಡ್‌ನಲ್ಲಿ

ಹೊಸದಾದರೆ ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಬಿಲ್ ಇಲ್ಲದೆ ಕಡಿಮೆ ಬೆಲೆಗೆ ಕೊಡುವ ಗ್ರೇ ಮಾರ್ಕೆಟ್ ಮಾಲಿಗೆ ಕಂಪನಿಯ ಭಾರತೀಯ ವಾರಂಟಿ ಸಿಗುವ ಭರವಸೆಯಿಲ್ಲ. ಡಿಜಿಟಲ್ ಕ್ಯಾಮೆರಾಗಳ ಜಿಎಸ್‌ಟಿ 2019ರ ಜನವರಿಯಲ್ಲಿ ಶೇ 28ರಿಂದ 18ಕ್ಕೆ ಇಳಿಯಿತು. ಜಿಎಸ್‌ಟಿ ನೋಂದಣಿ ಇರುವ ಸ್ಟುಡಿಯೊದವರು ತಮ್ಮ ನಂಬರ್ ಹಾಕಿಸಿ ಬಿಲ್ ಪಡೆದರೆ ಇನ್‌ಪುಟ್ ಕ್ರೆಡಿಟ್ ಕೇಳಬಹುದು.

ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಡರ ಬಲೆಯ ಎಳೆಗಳಂಥದ್ದು ಕಂಡರೆ ಅದು ಫಂಗಸ್. ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. ಆಮೇಲೆ ಇವತ್ತಿನ ಪತ್ರಿಕೆಯ ಹಾಳೆಗಳನ್ನು ಗೋಡೆಗೆ ಹರಡಿ ಅಂಟಿಸಿ, ಕ್ಯಾಮೆರಾ ನೇರವಾಗಿಟ್ಟು, ಅಪರ್ಚರ್ ಪೂರ್ತಿ ತೆರೆದು ಒಂದು ಫೋಟೊ ತೆಗೆಯಿರಿ. ನಾಲ್ಕು ಮೂಲೆಗಳ ಅಕ್ಷರಗಳೂ ಒಂದೇ ಸಮನಾಗಿ ತುಸು ಮಸುಕಾದರೆ ಚಿಂತೆಯಿಲ್ಲ. ಒಂದು ಮೂಲೆ ಮಾತ್ರ ಕೆಟ್ಟಿದ್ದರೆ ಒಳಗಿನ ಗಾಜು ಜಾಗ ಬಿಟ್ಟಿದೆ, ಲೆನ್ಸ್ ಎಂದೋ ಕೆಳಗೆ ಬಿದ್ದಿರಲೂಬಹುದು. ಬಾಡಿಯಾದರೆ ಎಫ್/16ರಲ್ಲಿ ಬರಿಯ ಆಕಾಶವನ್ನು ತೆಗೆದು ನೋಡಿ, ಸೆನ್ಸರಿನ ಮೇಲಿನ ಕಲೆಗಳು ಕಪ್ಪು ಚುಕ್ಕೆಗಳಾಗಿ ಕಾಣುತ್ತವೆ. ಶಟರ್ ಎಷ್ಟು ಸಲ ಓಡಿದೆಯೆಂದೂ ಕೇಳಿ.

ಕರಾವಳಿ, ಮಲೆನಾಡಿನವರು ಹೊಸ ಲೆನ್ಸಿನ ಬಜೆಟ್ಟಿನಲ್ಲೇ ಒಂದು ಡ್ರೈ ಕ್ಯಾಬಿನೆಟ್ಟಿಗೆ, ಅದು ಆಗದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಮತ್ತು ಸಿಲಿಕಾ ಜೆಲ್‌ಗೆ ಹಣ ತೆಗೆದಿಡಿ. ತೇವಾಂಶ ಶೇ 40ರಿಂದ 50ರೊಳಗಿರಲಿ, ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಲೆನ್ಸನ್ನು ಹೊರತೆಗೆದು ಬಳಸಿ. ಚರ್ಮದ ಕೇಸಿನೊಳಗೆ ಮಾತ್ರ ಇಡಬೇಡಿ, ಫಂಗಸ್ ಮೊದಲು ಹುಟ್ಟುವುದೇ ಅಲ್ಲಿ.