ರಸ್ತೆಯ ಆಚೆಗೊಂದು ನಿಯಮ, ಈಚೆಗೊಂದು ನಿಯಮ

ಕಳೆದ ವಾರ ದ್ವಿತೀಯ ಪಿಯುಸಿ ಕಲಾ ವಿಭಾಗದಲ್ಲಿ ಸ್ಥಳೀಯ ಸರ್ಕಾರಗಳ ಪಾಠ ಮಾಡುತ್ತಿದ್ದೆ. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಹೊರಡಿಸಿದ ಆದೇಶದ ಮಾತು ಬಂತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ, ಕಟ್ಟಡ ಕೆಲಸಕ್ಕೆ, ಕಾರಂಜಿಗೆ ಬಳಸಿದರೆ 5,000 ರೂಪಾಯಿ ದಂಡ. ಮತ್ತೆ ಅದೇ ತಪ್ಪು ಮಾಡಿದರೆ ಅದರ ಮೇಲೆ ದಿನಕ್ಕೆ 500 ರೂಪಾಯಿ. ಆ ತಿಂಗಳಲ್ಲೇ 22 ಮನೆಗಳವರು ಒಟ್ಟು 1.1 ಲಕ್ಷ ದಂಡ ತೆತ್ತರು. ಆಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: “ಸರ್, ಮಂಡಳಿಯ ಗಡಿ ಒಂದು ರಸ್ತೆಯ ನಡುವೆ ಮುಗಿದರೆ, ಎದುರು ಮನೆಯವರು ಗಿಡಕ್ಕೆ ನೀರು ಬಿಟ್ಟರೂ ದಂಡ ಇಲ್ಲವೇ? ಇದು ನ್ಯಾಯವೇ?”

ತರಗತಿಯಲ್ಲಿ ನಾನು ಕೊಟ್ಟ ಉತ್ತರ ನನಗೇ ಸಮಾಧಾನ ಕೊಡಲಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಶ್ನೆ ಬಹಳ ಚೆನ್ನಾಗಿ ಕಾಣುವ ಊರು ಅಮೆರಿಕದ ಲಾಸ್ ಏಂಜಲಿಸ್. ಅಲ್ಲಿ ಮನೆಯ ಮುಂದೆ ಹುಲ್ಲುಹಾಸು ಇರುವುದು ಹಳೆಯ ರೂಢಿ. ಮಳೆ ಕಡಿಮೆ ಇರುವ ಆ ಸೀಮೆಯಲ್ಲಿ ಮನೆಬಳಕೆಯ ನೀರಿನ ದೊಡ್ಡ ಪಾಲು ಹೊರಗಿನ ಹುಲ್ಲಿಗೇ ಹೋಗುತ್ತದೆ. 2022ರ ಬರದಲ್ಲಿ, ಜೂನ್ 1ರಿಂದ, ನಗರದವರಿಗೆ ವಾರಕ್ಕೆ ಎರಡು ದಿನ ಮಾತ್ರ ನೀರು ಬಿಡುವ ಅವಕಾಶ. ಬೆಸ ಸಂಖ್ಯೆಯ ಮನೆಗಳಿಗೆ ಸೋಮವಾರ ಮತ್ತು ಶುಕ್ರವಾರ, ಸಮ ಸಂಖ್ಯೆಯವರಿಗೆ ಗುರುವಾರ ಮತ್ತು ಭಾನುವಾರ. ಸಾಮಾನ್ಯ ಸ್ಪ್ರಿಂಕ್ಲರ್ ಆದರೆ ಎಂಟೇ ನಿಮಿಷ. ಬೆಳಿಗ್ಗೆ 9ರಿಂದ ಸಂಜೆ 4ರವರೆಗೆ ಬಿಡುವಂತೆಯೇ ಇಲ್ಲ, ಏಕೆಂದರೆ ಬಿಸಿಲಿಗೆ ನೀರು ಬೇರು ಸೇರುವ ಮೊದಲೇ ಆವಿಯಾಗುತ್ತದೆ. ಮರಗಳಿಗೆ ಮಾತ್ರ ಪೈಪು ಹಿಡಿದು ಕೈಯಿಂದ ನೀರುಣಿಸಬಹುದಿತ್ತು. ಹುಲ್ಲು ಒಣಗಿದರೆ ಮಳೆಗೆ ಮತ್ತೆ ಬರುತ್ತದೆ, ಮರ ಹೋದರೆ ಹೋಯಿತು.

ನಗರದ ಪಶ್ಚಿಮ ತುದಿಯಲ್ಲಿ ವುಡ್‌ಲ್ಯಾಂಡ್ ಹಿಲ್ಸ್ ಎಂಬ ಬಡಾವಣೆ ಇದೆ. ಅದಕ್ಕೆ ಅಂಟಿಕೊಂಡೇ ಇರುವ ಕ್ಯಾಲಬಾಸಸ್ ಬೇರೆ ನಗರ. ಅಲ್ಲಿಗೆ ನೀರು ಕೊಡುವುದು ಲಾಸ್ ವಿರ್ಜಿನೆಸ್ ಎಂಬ ಬೇರೆ ಸಂಸ್ಥೆ. ಅಲ್ಲಿನವರಿಗೆ ವಾರಕ್ಕೆ ಒಂದೇ ದಿನ! ಮತ್ತೆ ಮತ್ತೆ ಮಿತಿ ಮೀರಿದವರ ಮನೆಯ ಪೈಪಿಗೆ ಸಂಸ್ಥೆಯವರು ಸಣ್ಣ ತೂತಿನ ಬಿಲ್ಲೆ ಕೂರಿಸಿಬಿಡುತ್ತಿದ್ದರು. ಅಡುಗೆಗೆ, ಸ್ನಾನಕ್ಕೆ ನೀರು ಬರುತ್ತದೆ, ಸ್ಪ್ರಿಂಕ್ಲರ್ ಮಾತ್ರ ಓಡುವುದಿಲ್ಲ. ಕೋಟ್ಯಧಿಪತಿಗಳು ವಾಸಿಸುವ ಪ್ರದೇಶ ಅದು. ದಂಡದ ಹಣ ಅವರಿಗೆ ಲೆಕ್ಕಕ್ಕೇ ಇಲ್ಲ. ಬಿಲ್ಲೆಯ ಮುಂದೆ ಮಾತ್ರ ಎಲ್ಲರೂ ಸಮಾನರು. ಈ ಉಪಾಯ ನನಗೆ ಬಹಳ ಹಿಡಿಸಿತು.

ಒಂದೇ ಬರ, ಒಂದೇ ಬಿಸಿಲು. ಹಾಗಾದರೆ ವ್ಯತ್ಯಾಸ ಏಕೆ?

ದಕ್ಷಿಣ ಕ್ಯಾಲಿಫೋರ್ನಿಯಾದ ಸುಮಾರು 1.9 ಕೋಟಿ ಜನರಿಗೆ ನೀರು ತಲುಪಿಸುವುದು ಮೆಟ್ರೊಪಾಲಿಟನ್ ವಾಟರ್ ಡಿಸ್ಟ್ರಿಕ್ಟ್. ಅದಕ್ಕೆ ಎರಡು ಕಡೆಯಿಂದ ನೀರು ಬರುತ್ತದೆ: ಪೂರ್ವದ ಕೊಲರಾಡೊ ನದಿ, ಮತ್ತು ಉತ್ತರದಿಂದ ಬರುವ ರಾಜ್ಯದ ಕಾಲುವೆ. 2022ರಲ್ಲಿ ರಾಜ್ಯದ ಕಾಲುವೆ ಬೇಡಿಕೆಯ ಶೇ. 5ರಷ್ಟು ನೀರನ್ನು ಮಾತ್ರ ಕೊಟ್ಟಿತು. ಸುಮಾರು 60 ಲಕ್ಷ ಜನರಿರುವ ಭಾಗಗಳಿಗೆ ಕೊಲರಾಡೊ ನೀರನ್ನು ಸಾಕಷ್ಟು ತಲುಪಿಸುವ ಪೈಪುಗಳೇ ಇರಲಿಲ್ಲ. ಅಂಥ ಭಾಗಗಳ ಆರು ಸಂಸ್ಥೆಗಳಿಗೆ ಮೆಟ್ರೊಪಾಲಿಟನ್ ಎರಡು ದಾರಿ ಕೊಟ್ಟಿತು. ಒಂದೋ ಹೊರಗಿನ ನೀರನ್ನು ವಾರಕ್ಕೆ ಒಂದು ದಿನಕ್ಕೆ ಇಳಿಸಿ, ಇಲ್ಲವೇ ಒಟ್ಟು ಬಳಕೆಯನ್ನು ತಲೆಗೆ ದಿನಕ್ಕೆ ಸುಮಾರು 300 ಲೀಟರಿನೊಳಗೆ ನಿಲ್ಲಿಸಿ, ಹೇಗೆಂಬುದು ನಿಮಗೆ ಬಿಟ್ಟದ್ದು. ಲಾಸ್ ಏಂಜಲಿಸ್ ಎರಡನೆಯದನ್ನು ಆರಿಸಿತು; ಅದಕ್ಕೆ 1913ರಷ್ಟು ಹಿಂದೆಯೇ ಕಟ್ಟಿದ ಸ್ವಂತ ಕಾಲುವೆ ಇದೆ, ಅಂತರ್ಜಲವೂ ಇದೆ. ಲಾಸ್ ವಿರ್ಜಿನೆಸ್‌ಗೆ ಕುಡಿಯುವ ನೀರಿನ ಸ್ವಂತ ಮೂಲವೇ ಇಲ್ಲ. ಅತ್ತ ಕೊಲರಾಡೊ ನೀರು ಸಿಗುತ್ತಿದ್ದ ಊರುಗಳಿಗೆ ಮೆಟ್ರೊಪಾಲಿಟನ್‌ನ ಈ ಕಟ್ಟು ಅನ್ವಯಿಸಲೇ ಇಲ್ಲ. ಒಳ್ಳೆಯ ಮಳೆಯಾದ ಮೇಲೆ, 2023ರ ಮಾರ್ಚ್‌ನಲ್ಲಿ, ಇದನ್ನು ತೆಗೆದರು.

ಅಂದರೆ ರಸ್ತೆಯ ಆಚೆ ಈಚೆ ನಿಯಮ ಬೇರೆಯಾದದ್ದು ಯಾರದೋ ಮರ್ಜಿಯಿಂದಲ್ಲ. ಭೂಪಟದ ಗೆರೆಗಿಂತ ಹೆಚ್ಚಾಗಿ ನೆಲದೊಳಗಿನ ಪೈಪು ಅದನ್ನು ನಿರ್ಧರಿಸಿತ್ತು. ಆದರೆ ಎಲ್ಲ ವ್ಯತ್ಯಾಸಕ್ಕೂ ಇಂಥ ಸಮರ್ಥನೆ ಇರುವುದಿಲ್ಲ. 2014ರ ಜುಲೈನಲ್ಲಿ ಅದೇ ರಾಜ್ಯ ಸರ್ಕಾರ ನೀರು ಪೋಲು ಮಾಡಿದರೆ 500 ಡಾಲರ್‌ವರೆಗೆ ದಂಡ ಎಂದಿತು. ಅದೇ ತಿಂಗಳು ಗ್ಲೆಂಡೋರಾ ನಗರದ ದಂಪತಿಗೆ, ಹುಲ್ಲು ಒಣಗಲು ಬಿಟ್ಟದ್ದಕ್ಕೆ ದಂಡ ಬೀಳಬಹುದೆಂದು ನಗರಾಡಳಿತದಿಂದಲೇ ಪತ್ರ ಬಂತು. ನೀರು ಹಾಕಿದರೂ ದಂಡ, ಹಾಕದಿದ್ದರೂ ದಂಡ!

ಹಿಂದಿನ ಬೆಂಚಿನ ಪ್ರಶ್ನೆಗೆ ಈಗ ನನ್ನ ಉತ್ತರ ಇದು: ಗಡಿಯಾಚೆಯ ಮನೆಯವರು ಕಾವೇರಿ ನೀರನ್ನು ಮುಟ್ಟದಿದ್ದರೆ ಜಲಮಂಡಳಿಯ ಆದೇಶ ಅವರಿಗೆ ತಾಗದಿರುವುದರಲ್ಲಿ ಅರ್ಥವಿದೆ. ಆದರೆ ಅವರು ಎತ್ತುವುದು ಬೋರ್‌ವೆಲ್ ನೀರು. ನೆಲದಡಿಯ ನೀರಿಗೆ ರಸ್ತೆಯೂ ಗೊತ್ತಿಲ್ಲ, ಗಡಿಯೂ ಗೊತ್ತಿಲ್ಲ. ಅಲ್ಲಿಗೆ ಎರಡೂ ಕಡೆ ಒಂದೇ ನಿಯಮ ಬೇಕು. ಆದ್ದರಿಂದ ಅವಳ ಸಿಟ್ಟು ಅರ್ಧ ಸರಿ.

ಈಗ ನಮ್ಮ ಕಾಲೇಜಿನ ಮಾತು. ಪ್ರವಾದಿ ಮುಹಮ್ಮದ್ (ಸ) ಅವರು ಒಂದು ಮುದ್ದ್, ಅಂದರೆ ಹೆಚ್ಚೆಂದರೆ ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ನಮ್ಮ ವುಝೂಖಾನೆಯ ನಲ್ಲಿಗಳಲ್ಲಿ ಒಬ್ಬರಿಗೆ ಎಷ್ಟು ಹೋಗುತ್ತದೆ? ಆ ನೀರು ಚರಂಡಿಗೆ ಹರಿಯುವಾಗ, ಹತ್ತು ಹೆಜ್ಜೆ ದೂರದ ದಾಸವಾಳಕ್ಕೆ ಬೋರ್‌ವೆಲ್ ನೀರು ಏಕೆ? ಕಲಾ ವಿಭಾಗದವರು ಇಬ್ಬಿಬ್ಬರಂತೆ ಗುಂಪಾಗಿ, ಲುಹರ್ ನಮಾಝಿಗೆ ಮುಂಚೆ ಬಕೆಟ್ ಇಟ್ಟು ಅಳೆದು, ಲೆಕ್ಕವನ್ನು ಮುಂದಿನ ಗುರುವಾರದೊಳಗೆ ನನಗೆ ತಂದುಕೊಡಿ. ಬಕೆಟ್‌ಗಳು ಹಾಸ್ಟೆಲ್ ಸ್ಟೋರಿನಲ್ಲಿವೆ, ವಾರ್ಡನ್‌ಗೆ ಹೇಳಿದ್ದೇನೆ.