ಆಯಿಲ್ ಫಿಲ್ಟರ್ ಎಲ್ಲಿದೆ, ಬಿಲ್ಲಿನಲ್ಲಿ ಏನಿದೆ?

ಕಾರಿನ ಸರ್ವೀಸ್ ಬಿಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದುವುದು ಈ ಅಂಕಣಕಾರನ ಹಳೆಯ ಚಾಳಿ. ಮೊದಲು ಒಟ್ಟು ಮೊತ್ತ, ಆಮೇಲೆ ಅದನ್ನು ಅಷ್ಟಕ್ಕೆ ಏರಿಸಿದ ಸಾಲುಗಳು. ಮನೆಯಲ್ಲಿರುವುದು 2017ರ ಡೀಸೆಲ್ ಕ್ರೆಟಾ, 1.6 ಲೀಟರ್ ಎಂಜಿನ್ನಿನದು. ವಾರಂಟಿ ಮುಗಿದು ವರ್ಷಗಳೇ ಆಗಿವೆ. ಬೆಂಗಳೂರಿನ ಸರ್ವೀಸ್ ಸೆಂಟರೊಂದು ಕೊಟ್ಟ ಬಿಲ್ಲು ಸುಮಾರು 12,500 ರೂಪಾಯಿಯದು. ಅದರಲ್ಲಿ ಎಂಜಿನ್ ಆಯಿಲ್‌ಗೆ 3,000ದ ಆಸುಪಾಸು, ಡೀಸೆಲ್ ಫಿಲ್ಟರ್ ಮತ್ತು ಏರ್ ಫಿಲ್ಟರ್ ಸೇರಿ 2,000, ಶೇ 18ರ ಜಿಎಸ್‌ಟಿ ಸೇರಿಸಿ ಲೇಬರ್ 2,500. ಎಂಜಿನ್ ಫ್ಲಷ್, ಡೀಸೆಲ್ ಅಡಿಟಿವ್, ಎ.ಸಿ. ಕ್ಲೀನಿಂಗ್, ಡ್ಯಾಶ್‌ಬೋರ್ಡ್ ಪಾಲಿಶ್ ಎಂಬ ಉಪಚಾರಗಳಿಗೆ 4,500ಕ್ಕೂ ಮಿಕ್ಕಿ. ಇಷ್ಟರ ನಡುವೆ ಎಲ್ಲೋ ಮುದುಡಿ ಕೂತಿದ್ದ ಆಯಿಲ್ ಫಿಲ್ಟರಿನ ಬೆಲೆ ಐನೂರಕ್ಕೂ ಕಡಿಮೆ.

ತಮಾಷೆಯೆಂದರೆ, ಇಡೀ ಬಿಲ್ಲಿನಲ್ಲಿ ಎಂಜಿನ್ನಿನ ಆಯುಸ್ಸಿಗೆ ತೀರಾ ಹತ್ತಿರದ ಸಂಬಂಧವಿದ್ದದ್ದು ಆಯಿಲ್‌ಗೆ ಮತ್ತು ಈ ಫಿಲ್ಟರಿಗೆ.

ಫಿಲ್ಟರಿನ ಒಳಗಿರುವುದು ನೆರಿಗೆ ಹಿಡಿದ ಕಾಗದದಂಥ ಹಾಳೆ. ಪಂಪು ತಳ್ಳುವ ಆಯಿಲ್ ಇದರೊಳಗೆ ಹಾದು ಬೇರಿಂಗ್‌ಗಳಿಗೆ, ಟರ್ಬೊಗೆ ಹೋಗುತ್ತದೆ. ಮಸಿ, ಲೋಹದ ಸಣ್ಣ ಚೂರು ಎಲ್ಲ ಇಲ್ಲಿ ನಿಲ್ಲಬೇಕು. ನೆರಿಗೆ ತುಂಬಿ ಕಟ್ಟಿಕೊಂಡರೆ ಆಯಿಲ್ ನಿಂತುಹೋಗುವುದಿಲ್ಲ. ಬೈಪಾಸ್ ವಾಲ್ವ್ ತೆರೆದುಕೊಂಡು ಸೋಸದ ಆಯಿಲ್ಲೇ ಹರಿಯುತ್ತದೆ. ಆಯಿಲ್ ಇಲ್ಲದ ಎಂಜಿನ್ನಿಗಿಂತ ಕೊಳಕು ಆಯಿಲಿನ ಎಂಜಿನ್ ವಾಸಿ ಎಂಬ ಲೆಕ್ಕಾಚಾರ ಅದು. ಡ್ರೈವರಿಗೆ ಇದರ ಸುಳಿವೇ ಸಿಗುವುದಿಲ್ಲ, ದೀಪ ಹತ್ತುವುದಿಲ್ಲ. ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಟರ್ಬೊದ ದಂಡ ಮಾತ್ರ ಸದ್ದಿಲ್ಲದೆ ಸವೆಯುತ್ತದೆ. ಹೊಸ ಟರ್ಬೊ ಎಂದರೆ ಹತ್ತಾರು ಸಾವಿರದ ಮಾತು.

ಹಾಗಾದರೆ ಫಿಲ್ಟರ್ ಬದಲಾಯಿಸಿದ್ದಾರೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಮೊದಲು ಅದು ಎಲ್ಲಿದೆ ಎಂದು ಗೊತ್ತಿರಬೇಕು. ಆ ಡೀಸೆಲ್ ಕ್ರೆಟಾದಲ್ಲಿ ಕೆಲಸ ಸುಲಭ. ಬಾನೆಟ್ ಎತ್ತಿದರೆ ಎಂಜಿನ್ನಿನ ಮುಂಭಾಗದಲ್ಲಿ, ರೇಡಿಯೇಟರಿನ ಕಡೆಗೆ, ನೆಟ್ಟಗೆ ನಿಂತ ಕಪ್ಪು ಪ್ಲಾಸ್ಟಿಕ್ ಮುಚ್ಚಳವೊಂದು ಕಾಣುತ್ತದೆ. ನೆತ್ತಿಯ ಮೇಲೆ ಆರು ಮೂಲೆಯ ತಲೆ. 27 ಎಂಎಂ ಸಾಕೆಟ್ ಹಾಕಿ ತಿರುಗಿಸಿದರೆ ಮುಚ್ಚಳದ ಜೊತೆಗೇ ಫಿಲ್ಟರ್ ಮೇಲೆ ಬರುತ್ತದೆ. ಇದು ಡಬ್ಬಿಯಿಲ್ಲದ, ಬರೀ ತಿರುಳಿನ ಕಾರ್ಟ್ರಿಜ್ ಮಾದರಿ. ಅದೇ ಕ್ರೆಟಾದ ಪೆಟ್ರೋಲ್ ಎಂಜಿನ್ನಿನಲ್ಲಿ ಮಾತ್ರ ತಗಡಿನ ಡಬ್ಬಿಯ ಫಿಲ್ಟರ್ ಕೆಳಗಡೆ ಇರುತ್ತದೆ. ಗಾಡಿ ಎತ್ತದೆ ಕೈ ಎಟುಕದು.

ಪಕ್ಕದ ಬೀದಿಯ ಗ್ಯಾರೇಜಿನಲ್ಲಿ ಈ ಕೆಲಸವನ್ನು ಅಂಕಣಕಾರ ಹತ್ತಿರ ನಿಂತೇ ನೋಡಿದ. ಮೇಸ್ತ್ರಿ ಮೊದಲು ಎಂಜಿನ್ ಸ್ವಲ್ಪ ಹೊತ್ತು ಓಡಿಸಿ ನಿಲ್ಲಿಸಿದರು. ಬೆಚ್ಚಗಾದ ಆಯಿಲ್ ಸಲೀಸಾಗಿ ಇಳಿಯುತ್ತದೆ. ಡ್ರೈನ್ ಬೋಲ್ಟ್ ಬಿಚ್ಚಿ ಆಯಿಲ್ ಇಳಿಯಲು ಬಿಟ್ಟು, ಮೇಲೆ ಬಂದು ಮುಚ್ಚಳ ತೆಗೆದರು. ಓ ರಿಂಗ್ ಎಂಬ ಹಳೆಯ ರಬ್ಬರ್ ಬಳೆಯನ್ನು ಕಿತ್ತು, ಪೊಟ್ಟಣದಲ್ಲಿ ಬಂದ ಹೊಸದಕ್ಕೆ ಬೆರಳಿನಿಂದ ಹೊಸ ಆಯಿಲ್ ಸವರಿ ಅದರ ತೋಡಿನಲ್ಲೇ ಕೂರಿಸಿದರು. “ಸಾರ್, ಲೀಕ್ ಆಗೋದೆಲ್ಲ ಈ ರಬ್ಬರಿಂದಾನೇ. ಹಳೇದನ್ನ ಹಾಗೇ ಬಿಟ್ಬಿಡ್ತಾರೆ” ಎಂದರು. ಮುಚ್ಚಳವನ್ನು ಕೈಯಿಂದಲೇ ಕೂರಿಸಿ, ಕೊನೆಯ ಬಿಗಿಗೆ ಮಾತ್ರ ಟಾರ್ಕ್ ರೆಂಚ್ ಹಿಡಿದರು. ಪ್ಲಾಸ್ಟಿಕ್ ಮುಚ್ಚಳ, ಬಲ ತೋರಿಸಿದರೆ ಸೀಳುತ್ತದೆ. ತಗಡಿನ ಡಬ್ಬಿಯಾದರೆ ರಬ್ಬರು ತಾಗಿದ ಮೇಲೆ ಮುಕ್ಕಾಲು ಸುತ್ತು, ಅದೂ ಕೈಯಲ್ಲೇ.

ಆಮೇಲೆ ಹಳೆಯ ಫಿಲ್ಟರನ್ನು ಪೇಪರಿನ ಮೇಲಿಟ್ಟು ಕತ್ತರಿಸಿ, ನೆರಿಗೆ ಬಿಡಿಸಿ ಬಿಸಿಲಿಗೆ ಹಿಡಿದರು. ಕಡುಗಪ್ಪು. ಡೀಸೆಲ್ ಗಾಡಿಯಲ್ಲಿ ಅದು ಮಸಿ, ಹೆದರುವಂಥದ್ದಲ್ಲ. ನೋಡಬೇಕಾದದ್ದು ಮಿನುಗುವ ಚೂರುಗಳಿವೆಯೇ ಎಂದು. ಇದ್ದರೆ ಒಳಗೆ ಏನೋ ಸವೆಯುತ್ತಿದೆ. ಈ ಪರೀಕ್ಷೆಗೆ ಖರ್ಚಿಲ್ಲ, ಯಾವ ಬಿಲ್ಲಿನಲ್ಲೂ ಇದರ ಸಾಲಿರುವುದಿಲ್ಲ.

ಇನ್ನು ದುಡ್ಡಿನ ಲೆಕ್ಕ. ಈ ಎಂಜಿನ್ನಿಗೆ ಬೇಕಾಗುವುದು 5.3 ಲೀಟರ್ ಆಯಿಲ್. ಆಯಿಲ್, ಫಿಲ್ಟರ್ ಎರಡನ್ನೂ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಿಂದ ತಂದು ಗ್ಯಾರೇಜಿನಲ್ಲಿ ಹಾಕಿಸಿದರೆ ಕೂಲಿ 600 ಸೇರಿ 4,000ದ ಸುತ್ತಮುತ್ತ ಮುಗಿಯಿತು. ಪೂರ್ತಿ ಸರ್ವೀಸಿನ ಬಿಲ್ಲಿಗೂ ಬರೀ ಆಯಿಲ್ ಬದಲಾವಣೆಗೂ ಹೋಲಿಕೆ ನ್ಯಾಯವಲ್ಲ, ನಿಜ. ಡೀಸೆಲ್ ಮತ್ತು ಏರ್ ಫಿಲ್ಟರಿನ 2,000 ಸೇರಿಸಿಕೊಂಡರೂ ಆರು ಸಾವಿರದ ಆಸುಪಾಸಿನಲ್ಲೇ ನಿಲ್ಲುತ್ತದೆ. ಉಳಿದದ್ದು ಹೆಚ್ಚಾಗಿ ಆ ಉಪಚಾರಗಳ ಸಾಲುಗಳಿಂದ. ಕಂಪನಿಯ ಕೈಪಿಡಿಯಲ್ಲಿ ಇಲ್ಲದ ಫ್ಲಷ್, ಅಡಿಟಿವ್‌ಗಳಿಗೆ ಜಾಬ್ ಕಾರ್ಡ್ ಬರೆಯುವಾಗಲೇ ಬೇಡ ಎನ್ನಬಹುದು.

ಹಾಗೆಂದು ಆ 600 ರೂಪಾಯಿಯನ್ನೂ ಉಳಿಸಲು ಸ್ವತಃ ಗಾಡಿಯಡಿ ಮಲಗುವುದು ಬೆಂಗಳೂರಿನ ಅಪಾರ್ಟ್‌ಮೆಂಟಿನವರಿಗೆ ಲಾಭದ ಕೆಲಸವಲ್ಲ. ಜಾಕ್ ಸ್ಟ್ಯಾಂಡ್, ಸಾಕೆಟ್, ಟಾರ್ಕ್ ರೆಂಚ್, ಆಯಿಲ್ ಹಿಡಿಯುವ ತಟ್ಟೆ ಎಂದು ಕೆಲವು ಸಾವಿರ ಸುರಿಯಬೇಕು. ಕ್ರೆಟಾಗೆ ಸರ್ವೀಸ್ ಬರುವುದು 10,000 ಕಿಲೋಮೀಟರಿಗೆ ಇಲ್ಲವೇ ವರ್ಷಕ್ಕೊಮ್ಮೆ. ಹಾಕಿದ ದುಡ್ಡು ಹುಟ್ಟುವಷ್ಟರಲ್ಲಿ ಕಾರೇ ಕೈ ಬದಲಾಯಿಸಿರುತ್ತದೆ. ಮೇಲಾಗಿ ಇಳಿಸಿದ ಐದು ಲೀಟರ್ ಹಳೆಯ ಆಯಿಲ್ ಏನು ಮಾಡುವುದು? ಅದು ಅಪಾಯಕಾರಿ ತ್ಯಾಜ್ಯಗಳ 2016ರ ನಿಯಮಗಳಡಿ ಬರುತ್ತದೆ. ಮೋರಿಗೆ ಚೆಲ್ಲುವಂತಿಲ್ಲ, ನೋಂದಾಯಿತ ಮರುಬಳಕೆದಾರರಿಗೇ ಸೇರಬೇಕು. ಒಳ್ಳೆಯ ಗ್ಯಾರೇಜು ಅದನ್ನು ಪೀಪಾಯಿಯಲ್ಲಿ ತುಂಬಿಸಿಟ್ಟು ಕೊಡುತ್ತದೆ. ಸ್ವಂತ ಶೆಡ್ಡು, ಕೈಗೆ ಕೆಲಸದ ಹುಚ್ಚು ಎರಡೂ ಇದ್ದವರ ಮಾತು ಬೇರೆ.

ಹೊರಗಡೆ ಮಾಡಿಸಿದರೆ ವಾರಂಟಿ ಹೋಗುತ್ತದೆ ಎಂಬ ಹೆದರಿಕೆ ಹಲವರಿಗೆ. 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿದ್ದು ಬಿಡಿಭಾಗಗಳನ್ನು ಮುಕ್ತ ಮಾರುಕಟ್ಟೆಗೆ ಬಿಡದ ಕಾರಣಕ್ಕೆ. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ವಾರಂಟಿ ಪೂರ್ತಿ ರದ್ದೆಂಬ ಷರತ್ತು ಹಾಕಬಾರದು ಎಂದೂ ಆ ಆದೇಶ ಹೇಳಿತು. ವಿಷಯ ಮೇಲ್ಮನವಿಗೆ ಹೋಯಿತು. ಹಾಗಾಗಿ ವಾರಂಟಿ ಇರುವ ತನಕ ಅಧಿಕೃತ ಸೆಂಟರಿನಲ್ಲೇ ಮಾಡಿಸಿ, ಬೇಡದ ಸಾಲುಗಳನ್ನು ಹೊಡೆಸುವುದೇ ಜಾಣತನ. ಜಗಳದ ಖರ್ಚು ಸರ್ವೀಸಿನ ಖರ್ಚಿಗಿಂತ ದೊಡ್ಡದು.

ಫಿಲ್ಟರಿನಲ್ಲಿ ಮಾತ್ರ ಉಳಿತಾಯ ಹುಡುಕಬೇಡಿ. ನೂರೈವತ್ತಕ್ಕೆ ಸಿಗುವ ಹೆಸರಿಲ್ಲದ ಪೊಟ್ಟಣದಲ್ಲಿ ಎಂಥ ಕಾಗದವಿದೆಯೋ ಬಲ್ಲವರಿಲ್ಲ, ಕಂಪನಿ ಹೆಸರಿನ ನಕಲಿಗಳೂ ಇವೆ. ಅಂಗಡಿಯವನಿಗೆ 17 ಅಕ್ಷರ, ಅಂಕೆಗಳ ಚಾಸಿಸ್ ನಂಬರ್ ಕೊಟ್ಟು ಅದಕ್ಕೆ ಹೊಂದುವ ಫಿಲ್ಟರ್ ಕೇಳಿ, ಬಿಲ್ಲು ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ 18 ಆಗಿದೆ. ಬಿಲ್ಲಿನಲ್ಲಿ ಶೇ 28 ಕಂಡರೆ ಪ್ರಶ್ನಿಸಿ. ಮುಂದಿನ ಸಲ ಗಾಡಿ ಬಿಡುವ ಮುನ್ನ ಬಾನೆಟ್ ಎತ್ತಿ ಫಿಲ್ಟರ್ ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ, ಹಳೆಯ ಫಿಲ್ಟರ್ ತೋರಿಸಬೇಕೆಂದು ಜಾಬ್ ಕಾರ್ಡಿನಲ್ಲೇ ಬರೆಸಿ.